ಅರ್ಧ ಬೈಠಕ್

ತೊಲೆ ಹೊರುವವರನ್ನು ದೂರ ನಿಂತು ನೋಡಿದವರು ಅವರ ಬಲವೆಲ್ಲ ಹೆಗಲಲ್ಲಿದೆ ಎಂದುಕೊಳ್ಳುತ್ತಾರೆ. ಹೆಗಲು ತಾಳಿಕೊಂಡರೆ ಸಾಕು. ಬಲ ಬೇಕಾಗುವುದು ಕುಕ್ಕರಗಾಲಲ್ಲಿ ಕೂತವನು ಎದ್ದು ನಿಲ್ಲುವ ಆ ಒಂದು ಗಳಿಗೆಗೆ. ಕೊರೆದ ತೊಲೆ ನೆಲದ ಮೇಲೆ ಮಲಗಿರುತ್ತದೆ. ಅದರ ಉದ್ದಕ್ಕೂ ಮೇಲೊಂದು ಬಿದಿರಿನ ಗಳ ಇಟ್ಟು, ಎರಡು ಕಡೆ ಹಗ್ಗ ಸುತ್ತಿ ತೊಲೆಯನ್ನು ಗಳಕ್ಕೆ ಬಿಗಿಯುತ್ತೇವೆ. ಮುಂದೊಬ್ಬ ಹಿಂದೊಬ್ಬ ಕೂತು, ಗಳದ ತುದಿಗೆ ಹೆಗಲು ಕೊಟ್ಟು, ಒಂದೇ ಉಸಿರಿಗೆ ಏಳಬೇಕು. ಒಬ್ಬ ಎದ್ದು ಇನ್ನೊಬ್ಬ ತಡಮಾಡಿದರೆ ಭಾರವೆಲ್ಲ ಕೆಳಗಿದ್ದವನ ಕಡೆಗೆ ಜಾರುತ್ತದೆ.

ಈ ಏಳುವ ವಿದ್ಯೆ ನನಗೂ ನನ್ನ ಜೊತೆಗಾರನಿಗೂ ಊರಿನ ಗರಡಿಮನೆಯಲ್ಲೇ ಬಂದಿತ್ತು. ನಮ್ಮದು ಬನವಾಸಿ ಕಡೆಯ ಊರು. ನಾಲ್ಕನೇ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಪಾಟಿ ಗೂಡಿನಲ್ಲಿಟ್ಟು ನೇಗಿಲು ಹಿಡಿದೆ. ಅಕ್ಷರದಲ್ಲಿ ಹಿಂದೆ ಬಿದ್ದೆನಲ್ಲ, ಮೈಯಲ್ಲಾದರೂ ಯಾರ ಹಿಂದೆಯೂ ಬೀಳಬಾರದು ಎಂಬ ಹಟ ಆಗಲೇ ಹತ್ತಿತು. ಗರಡಿಯಲ್ಲಿ ಕೂತೇಳುವ ಬೈಠಕ್ ಹೊಡೆಯುವಾಗ ನನ್ನ ಪಕ್ಕ ನಿಂತು ಕೊನೆಯವರೆಗೂ ಸರಿಸಮ ಬರುತ್ತಿದ್ದವನು ಅವನೊಬ್ಬನೇ. ಎತ್ತರವೂ ಒಂದೇ, ಕಾಲಿನ ಉದ್ದವೂ ಒಂದೇ. ಹಾಗಾಗಿ ಗದ್ದೆ ಕೊಯ್ಲು ಮುಗಿದ ಮೇಲೆ ನಾವಿಬ್ಬರೂ ಯಲ್ಲಾಪುರದ ಕಾಡಿನ ಕೂಪಿಗೆ ಹೋಗತೊಡಗಿದೆವು. ಮರ ಕಡಿಯಲು ಗುರುತು ಮಾಡಿಕೊಟ್ಟ ಕಾಡಿನ ತುಂಡಿಗೆ ಅಲ್ಲಿ ಕೂಪು ಅನ್ನುತ್ತಾರೆ. ಗರಗಸದವರು ಕಾಡಿನೊಳಗೇ ತೊಲೆ ಕೊರೆದಿಡುತ್ತಿದ್ದರು. ಅದನ್ನು ಗಾಡಿ ದಾರಿಯವರೆಗೆ ಹೊತ್ತು ತರುವುದು ನಮ್ಮಂಥವರ ಕೆಲಸ. ನಾವು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿದ್ದರೂ ಕೂಪಿನ ಮಂದಿ ಇನ್ನೂ ಬೊಂಬಾಯಿ ಸರಕಾರದ ಕಾಡು ಎಂದೇ ಮಾತಾಡುತ್ತಿದ್ದ ಕಾಲ.

ಕೂಪಿನಲ್ಲಿ ಆಳನ್ನು ಒಬ್ಬೊಬ್ಬನಾಗಿ ಲೆಕ್ಕ ಹಿಡಿಯುತ್ತಿರಲಿಲ್ಲ, ಜೋಡಿ ಲೆಕ್ಕ. ಅಂಕೋಲೆ ಕಡೆಯಿಂದ ಬಂದ ಮೇಸ್ತ್ರಿ ಜೋಡಿಯಾಗಿ ಬಂದವರನ್ನೇ ಸೇರಿಸಿಕೊಳ್ಳುತ್ತಿದ್ದ. ಜೋಡಿಯಲ್ಲಿ ಒಬ್ಬ ಮಲಗಿದರೆ ಇನ್ನೊಬ್ಬನಿಗೂ ಕೆಲಸವಿಲ್ಲ. ಒಂಟೆತ್ತಿಗೆ ಯಾರು ನೊಗ ಕಟ್ಟುತ್ತಾರೆ? ನಾವು ಹೋದ ಮೂರು ನಾಲ್ಕು ಬೇಸಗೆಗಳಲ್ಲಿ ನಾವಿಬ್ಬರೂ ಒಂದು ದಿನವೂ ಮಲಗಿದವರಲ್ಲ. ಅವನು ಮುಂದಿನ ಹೆಗಲು, ನಾನು ಹಿಂದಿನ ಹೆಗಲು. ಇಳಿಜಾರಿನಲ್ಲಿ ಹಿಂದಿನವನೇ ತೊಲೆಯನ್ನು ಎಳೆದು ಹಿಡಿಯಬೇಕು. ಅದಕ್ಕೆ ನನ್ನ ಕಾಲು ಬೇಕು ಎಂದು ಅವನೇ ಹೇಳಿ ನನ್ನನ್ನು ಹಿಂದೆ ಹಾಕಿದ್ದ.

ನೋವು ಮೊದಲು ಬಂದದ್ದು ಬಲ ಹಿಮ್ಮಡಿಗೆ. ಬೆಳಿಗ್ಗೆ ಎದ್ದು ಕಾಲೂರಿದರೆ ಮುಳ್ಳಿನ ಮೇಲೆ ಇಟ್ಟಂತಾಗುತ್ತಿತ್ತು. ಒಂದಷ್ಟು ನಡೆದ ಮೇಲೆ ಕಡಿಮೆಯಾಗುತ್ತಿತ್ತು. ಮುಳ್ಳೇ ಇರಬೇಕೆಂದು ಸೂಜಿ ಕಾಯಿಸಿ ಕೆದಕಿದೆ, ಎಕ್ಕದ ಹಾಲು ಹಚ್ಚಿದೆ. ಹಿಮ್ಮಡಿ ಊರಲಾರದೆ ಮುಂಗಾಲ ಮೇಲೆ ಭಾರ ಹಾಕಿ ಹಾಕಿ ಆ ಬೇಸಗೆ ಮುಗಿಯುವ ಹೊತ್ತಿಗೆ ಅದೇ ಕಾಲಿನ ಮೊಣಕಾಲು ಹಿಡಿಯಿತು. ನಾನು ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಎಂದು ಅನಿಸಲೂ ಇಲ್ಲ. ಮಾಗೋಡಿನ ಕಡೆಯ ಒಂದು ಕಣಿವೆಯಿಂದ ಹೊತ್ತು ತಂದು ತೊಲೆ ಇಳಿಸಿದ ಮೇಲೆ ಜೊತೆಗಾರ ಗಳಕ್ಕೆ ಆನಿಕೊಂಡು ಬೀಡಿ ಹಚ್ಚಿದ.

“ಲೇ, ನಿನ್ನ ಬಲಗಾಲಿಗೆ ಏನಾಗೇತಿ?”

ಏನೂ ಇಲ್ಲ ಎಂದೆ.

“ನೀ ಹೇಳಬ್ಯಾಡ. ಗಳ ಹೇಳಾಕತ್ತೇತಿ. ಎರಡು ಹೆಜ್ಜಿ ಸರಿ ಬರ್ತೇತಿ, ಒಂದು ಕುಂಟತೇತಿ.”

ಗಳದ ಈ ತುದಿಯಲ್ಲಿ ಆಗುವುದೆಲ್ಲ ಆ ತುದಿಯ ಹೆಗಲಿಗೆ ಗೊತ್ತಾಗುತ್ತದೆ. ಅವನಿಂದ ಮುಚ್ಚಿಡಬಹುದೆಂದು ನಾನು ಎಣಿಸಿದ್ದೇ ತಪ್ಪು. ಮಳೆಗಾಲವಿಡೀ ಸಮಯವಿದೆ, ಸರಿ ಮಾಡಿಕೊ, ಕೊಯ್ಲಾದ ಮೇಲೆ ಹೊರಡೋಣ ಎಂದು ಅವನೇ ಸಮಾಧಾನ ಹೇಳಿದ. ಅವನ ಮನೆಯಲ್ಲಿ ಉಣ್ಣುವ ಬಾಯಿ ಬಹಳ, ಹೆಂಡತಿ ಆಗ ಬಸುರಿ. ನಾನು ಏಳದಿದ್ದರೆ ಅವನಿಗೆ ಕೂಪಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಶಿರಸಿಯ ದವಾಖಾನೆಗೆ ಹೋದೆ. ಡಾಕ್ಟರು ಮೊಣಕಾಲನ್ನು ಎರಡೂ ಕಡೆ ಒತ್ತಿ, ಒಳಗೆ ನೀರು ತುಂಬಿದೆ ಎಂದರು. ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ನಾನು ಕೂತ ಬೆಂಚಿನಿಂದ ಎದ್ದುಬಿಟ್ಟೆ. ಕುಕ್ಕರಗಾಲಲ್ಲಿ ಕೂರಬೇಡ, ಭಾರ ಹೊರಬೇಡ, ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ನಡೆಯಬೇಡ, ಅಟ್ಟೆ ಮೆತ್ತಗಿರುವ ಮೆಟ್ಟು ಹಾಕಿಕೊ ಎಂದರು. ಒಳ್ಳೆಯ ಮನುಷ್ಯರು, ಸಾವಕಾಶವಾಗಿ ತಿಳಿಸಿ ಹೇಳಿದರು. ನಾನು ತಲೆಯಾಡಿಸಿ ಹೊರಗೆ ಬಂದು ಬಸ್ಸಿಗೆ ಕಾಯುತ್ತ ಯೋಚಿಸಿದೆ. ಬೆಳಿಗ್ಗೆ ಎದ್ದು ಕೆರೆಯ ಕಡೆ ಹೋಗುವುದರಿಂದ ಹಿಡಿದು ಎಮ್ಮೆ ಹಿಂಡುವುದು, ಸಸಿ ಕೀಳುವುದು, ನಾಟಿ, ಕಳೆ, ಕೊಯ್ಲು, ಒಲೆ ಮುಂದೆ ಕೂತು ರೊಟ್ಟಿ ತಿನ್ನುವುದು, ಯಾವುದು ಕುಕ್ಕರಗಾಲಿಲ್ಲದೆ ಆಗುತ್ತದೆ? ಆ ಮಳೆಗಾಲ ನಾನು ಬೆಳಗಿನ ಹೊತ್ತು ಕೆರೆ ಕಡೆ ಹೋದಾಗ ಹಿಡಿದು ಏಳುವುದಕ್ಕೆ ಒಂದು ಗಿಡ ಇರುವ ಜಾಗವನ್ನೇ ಹುಡುಕಿಕೊಳ್ಳಬೇಕಾಗಿತ್ತು.

ಮೆಟ್ಟಿನ ವಿಷಯವನ್ನು ಮಾತ್ರ ಪಾಲಿಸಬಹುದೆಂದು ಶಿರಸಿಯಲ್ಲೇ ಚಮ್ಮಾರನ ಹತ್ತಿರ ಒಂದು ಜೊತೆ ಮಾಡಿಸಿದೆ. ಹಿಮ್ಮಡಿ ಬರುವಲ್ಲಿ ಎರಡು ಪದರ ಮೆತ್ತನೆಯ ತೊಗಲು ಇಡಲು ಹೇಳಿದೆ. ಅದನ್ನು ಹಾಕಿಕೊಂಡು ಬಸ್ಸಿಳಿದು ಊರೊಳಗೆ ನಡೆದು ಬಂದದ್ದು ಈಗಲೂ ನೆನಪಿದೆ. ಅಷ್ಟು ದಿನದ ಮೇಲೆ ನೆಲ ನನ್ನನ್ನು ಕಚ್ಚದೆ ಬಿಟ್ಟಿತ್ತು.

ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಕಾಲು ನೋಡಿ ಎದ್ದು ನಿಂತಳು.

“ಅದನ್ನ ಬಿಚ್ಚೋ ಯಪ್ಪಾ. ಮುಂಜಾನಿ ಬಸವಣ್ಣನ ಮುಂದ ನುಡದು ಬಂದೀನಿ.”

ಅವಳು ನುಡಿದದ್ದು ಹೀಗೆ: ಮಗನ ಕಾಲು ನೆಟ್ಟಗಾಗಿ ಅವನು ಮತ್ತೆ ಕೂಪಿಗೆ ಹೊರಡುವ ದಿನದವರೆಗೆ ಅವನ ಕಾಲಿಗೆ ಮೆಟ್ಟು ಹಾಕಿಸುವುದಿಲ್ಲ. ನಾನು ದವಾಖಾನೆಯಲ್ಲಿ ಕೂತಿದ್ದ ಹೊತ್ತಿನಲ್ಲೇ ಅವಳು ಹಣೆಗೆ ವಿಭೂತಿ ಹಚ್ಚಿಕೊಂಡು ಗುಡಿಗೆ ಹೋಗಿ ಬಂದಿದ್ದಳು. ನನಗೆ ಸಿಟ್ಟು ಬಂತು. ಹರಕೆ ಹೊರುವವಳು ತನ್ನದನ್ನು ಬಿಡಬೇಕು, ನನ್ನದನ್ನು ಯಾಕೆ ಬಿಡಿಸಿದೆ ಎಂದು ಕೇಳಿಯೂ ಬಿಟ್ಟೆ. ಕೇಳಿದ ಮೇಲೆ ಅವಳ ಕಾಲು ಕಂಡಿತು. ಅವ್ವ ಹುಟ್ಟಿದಾಗಿನಿಂದ ಕಾಲಿಗೆ ಮೆಟ್ಟು ಹಾಕಿದವಳೇ ಅಲ್ಲ. ಬಿಡುತ್ತೇನೆ ಎಂದು ದೇವರಿಗೆ ಕೊಡಲು ತನ್ನದೆಂಬುದು ಅವಳಲ್ಲಿ ಇರಲೇ ಇಲ್ಲ. ಮಗನದನ್ನು ಕೊಟ್ಟು ಬಂದಿದ್ದಳು.

ಗುಡಿಯ ಅಯ್ಯನವರನ್ನು ಕೇಳಿದೆವು. ನುಡಿದದ್ದನ್ನು ಮನುಷ್ಯರು ಬಿಡಿಸಲು ಬರುವುದಿಲ್ಲ, ನುಡಿಯುವ ಮೊದಲು ಕೇಳಬೇಕಿತ್ತು ಎಂದರು. ಹೊಸ ಮೆಟ್ಟು ಬೆಲ್ಲದ ಗಡಿಗೆಯ ಪಕ್ಕದ ಮೂಲೆ ಸೇರಿತು. ಬಿಡು, ಇದೆಲ್ಲ ಮೂಢನಂಬಿಕೆ, ಹಾಕಿಕೊಂಡು ತಿರುಗು ಎಂದು ಈಗಿನವರು ಹೇಳಿಯಾರು. ಹಾಕಿಕೊಂಡು ತಿರುಗಿ, ಕಾಲು ಇನ್ನಷ್ಟು ಕೆಟ್ಟಿದ್ದರೆ ಅವ್ವ ಆ ಹೊರೆಯನ್ನು ಎಲ್ಲಿ ಇಳಿಸುತ್ತಿದ್ದಳು? ನಾನು ಬರಿಗಾಲಲ್ಲೇ ಉಳಿದೆ.

ಉಳಿದ ದಾರಿ ಗರಡಿಯದೊಂದೇ. ನಮಗೆ ಸಾಮು ಕಲಿಸಿದ ವಸ್ತಾದರು ಆಗಲೇ ಮುದುಕರು. ಒಂದು ಕಾಲಕ್ಕೆ ಸವಣೂರು ಹಾನಗಲ್ಲಿನ ಕಣಗಳಲ್ಲಿ ಕುಸ್ತಿ ಆಡಿದವರು. ಒಂದು ಕಿವಿ ಮುದುಡಿ ಹುಣಸೆ ಬೀಜದಂತಾಗಿತ್ತು. ಹೋಗಿ ಎದುರು ನಿಂತೆ. ಬೈಠಕ್ ಹೊಡಿ ನೋಡೋಣ ಎಂದರು. ಅರ್ಧ ಇಳಿಯುವಷ್ಟರಲ್ಲಿ ಮೊಣಕಾಲಿನೊಳಗೆ ಏನೋ ಅಡ್ಡ ಬಂದು ಕೈ ನೆಲಕ್ಕೆ ಊರಿದೆ. ಇನ್ನೊಮ್ಮೆ ಹೊಡೆಯಲು ಹೊರಟವನನ್ನು ರಟ್ಟೆ ಹಿಡಿದು ನಿಲ್ಲಿಸಿದರು. ನೋವನ್ನು ನೋವಿನಿಂದಲೇ ತೆಗೆಯಬೇಕು, ಬೈಠಕ್ಕಿನ ನೋವಿಗೆ ಇನ್ನಷ್ಟು ಬೈಠಕ್ಕೇ ಮದ್ದು ಎಂಬುದು ನಮ್ಮ ಗರಡಿಯ ವೇದವಾಕ್ಯ. ಅದನ್ನು ನಮಗೆ ಹೇಳಿಕೊಟ್ಟವರೂ ಅವರೇ.

“ಅದು ಮೈ ನೋವಿಗೆ ಹೇಳಿದ್ದು, ತಮ್ಮಾ. ಕೀಲು ನೋವಿಗಲ್ಲ,” ಎಂದರು. “ನನ್ನ ಕೀಲು ಅದನ್ನ ತಿಳಿಯೂದರಾಗ ಮುರದು ಹೋತು.”

ಅವತ್ತಿನಿಂದ ನನ್ನ ಸಾಮು ಬೇರೆಯಾಯಿತು. ವಸ್ತಾದರು ಅಟ್ಟದ ಮೇಲಿದ್ದ ಹಳೆಯ ಹಲಗೆಗಳನ್ನು ಇಳಿಸಿ, ಒಂದರ ಮೇಲೊಂದು ಪೇರಿಸಿ, ಮೊಣಕಾಲೆತ್ತರದ ಪೀಠ ಮಾಡಿದರು. ಅದರ ಮೇಲೆ ಕೂರಬೇಕು, ಏಳಬೇಕು, ಅಷ್ಟೇ. ಇಳಿಯುವಾಗ ಧೊಪ್ಪೆಂದು ಬೀಳುವಂತಿಲ್ಲ, ಮೊಟ್ಟೆಯ ಮೇಲೆ ಕೂರುವಂತೆ ಕೂರಬೇಕು. ಜಂತಿಗೆ ಹಗ್ಗ ಇಳಿಬಿಟ್ಟು, ಎರಡೂ ಕೈಯಲ್ಲಿ ಹಿಡಿದು, ಭಾರದ ಒಂದು ಪಾಲನ್ನು ಕೈಗೆ ಕೊಡಲು ಹೇಳಿದರು. ಮೊಣಕಾಲು ಒಳಗೆ ವಾಲದಂತೆ ಬೆರಳುಗಳ ನೇರಕ್ಕೆ ಇಟ್ಟುಕೊ, ಹಿಂಭಾಗವನ್ನು ಹಿಂದಕ್ಕೆ ತಳ್ಳು, ಮೊಣಕಾಲನ್ನು ಮುಂದಕ್ಕೆ ನೂಕಬೇಡ ಎಂದರು. ಅದು ಮುಗಿದ ಮೇಲೆ ಬೆನ್ನ ಮೇಲೆ ಮಲಗಿ, ಪಾದಕ್ಕೆ ಮರಳಿನ ಚೀಲ ಕಟ್ಟಿ, ಕಾಲನ್ನು ಮಡಚದೆ ನೆಟ್ಟಗೆ ಎತ್ತಿ ಹಿಡಿಯುವುದು. ಮೊಣಕಾಲು ಮಡಚಲಾಗದಿದ್ದರೆ ತೊಡೆಯ ಬಲ ಸೋರಿ ಹೋಗುತ್ತದೆ, ತೊಡೆ ಸೋರಿದರೆ ಮೊಣಕಾಲು ಇನ್ನೂ ಕೆಡುತ್ತದೆ ಎಂಬುದು ಅವರ ವಾದ. ಹಿಮ್ಮಡಿಗೆ ಒನಕೆ. ಕೂತು, ಒನಕೆಯನ್ನು ಪಾದದಡಿ ಮುಂದೆ ಹಿಂದೆ ಉರುಳಿಸುವುದು, ಆಮೇಲೆ ಗೋಡೆಗೆ ಕೈ ಕೊಟ್ಟು, ಹಿಮ್ಮಡಿ ನೆಲ ಬಿಡದಂತೆ ಮೀನಖಂಡ ಎಳೆಯುವುದು.

ಗರಡಿಯ ಮಣ್ಣು ಎಣ್ಣೆ ಮಜ್ಜಿಗೆ ಕುಡಿದು ಹದವಾದ ಮಣ್ಣು, ಅದು ಹಿಮ್ಮಡಿಗೆ ಹಿತ. ಆದರೆ ಪೀಠ ಇದ್ದದ್ದು ಕಣದ ಹೊರಗೆ, ಗಾರೆ ನೆಲದಲ್ಲಿ. ಅಲ್ಲಿ ನಿಲ್ಲಲು ವಸ್ತಾದರು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಟ್ಟರು. ಇದು ಅವ್ವನ ಕಿವಿಗೆ ಬಿತ್ತು. ಅವಳಿಗೆ ದಿಗಿಲು. ಕಾಲಡಿಗೆ ಮೆತ್ತಗಿದ್ದದ್ದು ಬಂತಲ್ಲ, ಹರಕೆ ಮುರಿಯಿತೋ ಏನೋ ಎಂದು ಮತ್ತೆ ಅಯ್ಯನವರಲ್ಲಿ ಓಡಿದಳು. ಕಂಬಳಿ ಗದ್ದುಗೆ ಇದ್ದಂತೆ, ಅದು ಮೆಟ್ಟಲ್ಲ, ನಿಲ್ಲಬಹುದು, ಕಾಲಿಗೆ ಕಟ್ಟಿಕೊಂಡು ನಡೆಯುವಂತಿಲ್ಲ ಎಂದು ಅವರು ತೀರ್ಪು ಕೊಟ್ಟರು. ಅವ್ವ ಆ ತೀರ್ಪನ್ನು ಗರಡಿಯ ಬಾಗಿಲಿಗೆ ಬಂದು ಒಪ್ಪಿಸಿದಳು. ಹೆಂಗಸರು ಒಳಗೆ ಬರುವಂತಿಲ್ಲವಾದ್ದರಿಂದ ಹೊರಗೇ ನಿಂತು ಕೂಗಿ ಹೇಳಿದಳು. ವಸ್ತಾದರು ಒಳಗಿನಿಂದ, “ನಿಂತಲ್ಲೇ ನಿಲ್ಲಸ್ತೀನಿ ಬಿಡವ್ವಾ, ನಡಸೂದಿಲ್ಲ,” ಎಂದರು. ಹುಡುಗರೆಲ್ಲ ನಕ್ಕರು. ನನಗೂ ನಗು ಬಂತು. ಆ ಮಳೆಗಾಲದಲ್ಲಿ ನಾನು ಮನಸಾರೆ ನಕ್ಕದ್ದು ಅದೊಂದೇ ಸಲ ಇರಬೇಕು.

ಹುಡುಗರ ಬಾಯಿಗೆ ಬೀಗವಿರಲಿಲ್ಲ. ನಾನು ಹಗ್ಗ ಹಿಡಿದು ಹಲಗೆಯ ಮೇಲೆ ಮೆಲ್ಲಗೆ ಕೂರುವುದನ್ನು ನೋಡಿ ಒಬ್ಬ, “ಅಳಿಯಂದ್ರು ಬಂದಾರ, ಗಾದಿ ಲೋಡು ತರ್ರಿ,” ಎಂದ. ಹೋದ ವರ್ಷದವರೆಗೆ ಇದೇ ಹುಡುಗರು ನನ್ನ ಪಕ್ಕ ಬೈಠಕ್ ಹೊಡೆಯಲು ನಿಂತು, ಅರ್ಧಕ್ಕೇ ಕುಸಿದು, ಗೋಡೆಗೆ ಒರಗಿ ನನ್ನನ್ನು ನೋಡುತ್ತಿದ್ದರು. ನಾನು ಮತ್ತೆ ಹಗ್ಗ ಹಿಡಿದು ಕೂತೆ. ದುಡಿದು ದಣಿಯುವುದು ನನಗೆ ಗೊತ್ತಿತ್ತು, ದಣಿಯುವ ಮೊದಲೇ ನಿಲ್ಲಿಸುವುದು ಗೊತ್ತಿರಲಿಲ್ಲ. ಮೈ ಇನ್ನೂ ಬೇಕೆನ್ನುತ್ತಿರುವಾಗ ವಸ್ತಾದರು ಸಾಕು ಎನ್ನುತ್ತಿದ್ದರು. ಮನೆಗೆ ಹೋಗುವ ಕಲ್ಲು ದಾರಿ ಬಿಟ್ಟು ಗದ್ದೆಯ ಬದುವಿನ ಮೇಲೆ, ಹುಲ್ಲಿನ ಮೆತ್ತೆಯಲ್ಲಿ ಸುತ್ತು ಹಾಕಿ ಹೋಗು ಎನ್ನುತ್ತಿದ್ದರು. ಆ ಬದುವಿನ ಮೇಲೆ ನಡೆಯುವಾಗ ಎರಡೂ ಕಡೆ ಬಾಗಿ ನಾಟಿ ಮಾಡುತ್ತಿದ್ದವರು ತಲೆಯೆತ್ತಿ ನೋಡಿ ಮತ್ತೆ ಬಾಗುತ್ತಿದ್ದರು. ಗಟ್ಟಿಮುಟ್ಟಾದ ಗಂಡಸು ಬದುವಿನ ಮೇಲೆ, ಮುದುಕಿಯರು ಕೆಸರಿನಲ್ಲಿ.

ಶ್ರಾವಣದ ಹೊತ್ತಿಗೆ ಮೊಣಕಾಲಿನ ಬಾವು ಇಳಿದಿತ್ತು. ವಸ್ತಾದರು ಪೀಠದಿಂದ ಒಂದು ಹಲಗೆ ತೆಗೆದರು. ಕೂತೆ, ಎದ್ದೆ. ಕೆಲವು ದಿನ ಬಿಟ್ಟು ಇನ್ನೊಂದು ತೆಗೆದರು. ಜೊತೆಗಾರ ಗದ್ದೆ ಕೆಲಸ ಮುಗಿಸಿ ಬಂದು ಎದುರು ಕೂತು ನೋಡುತ್ತಿದ್ದ. ಅವನ ಕಣ್ಣು ಪೀಠದಲ್ಲಿ ಉಳಿದ ಹಲಗೆಗಳನ್ನು ಎಣಿಸುತ್ತಿತ್ತು. ಅವನ ಹೆಂಡತಿ ಹೆತ್ತಳು, ಗಂಡು ಕೂಸು. ತೊಟ್ಟಿಲ ದಿನ ನಾನು ಹೋಗಿ ಎಲ್ಲರ ಸಾಲಿನಲ್ಲಿ ಕಾಲು ಮಡಚಿ ಕೂತು ಉಂಡೆ. ಎದ್ದಾಗ ಕೈ ಊರಬೇಕಾಯಿತು, ಆದರೂ ಎದ್ದೆ. ಅವನು ಬಡಿಸುತ್ತಿದ್ದವನು ಸೌಟು ಹಿಡಿದುಕೊಂಡೇ ನಿಂತು ನೋಡಿ ಮುಖ ಅರಳಿಸಿದ.

ಆಮೇಲೆ ನಿಂತುಹೋಯಿತು. ಪೀಠ ಒಂದು ಗೇಣು ಎತ್ತರಕ್ಕೆ ಇಳಿದಿತ್ತು. ಅಲ್ಲಿಂದ ಕೆಳಗೆ ಮೊಣಕಾಲು ಬರಲೊಲ್ಲದು. ಒಂದು ಹಲಗೆ ತೆಗೆದರೆ ಮರುದಿನ ಬಾವು, ಮತ್ತೆ ಹಾಕಿದರೆ ಇಳಿಯುವುದು. ವಸ್ತಾದರು ಹಗ್ಗದ ಮೇಲೆ ಭಾರ ಹೆಚ್ಚಿಸಿ ನೋಡಿದರು, ಹಿಮ್ಮಡಿಯ ಅಡಿ ಕಂಬಳಿಯ ಮಡಿಕೆ ಏರಿಸಿ ನೋಡಿದರು. ಕೆರೆಯಲ್ಲಿ ಸೊಂಟದವರೆಗೆ ನೀರಿಗೆ ಇಳಿಸಿ, ನೀರಿನೊಳಗೆ ಕೂರಿಸಿ ಏಳಿಸಿದರು. ನೀರಿನಲ್ಲಿ ಪೂರ್ತಿ ಬೈಠಕ್ ಬರುತ್ತಿತ್ತು, ಹೂವಿನಂತೆ ಬರುತ್ತಿತ್ತು. ದಡಕ್ಕೆ ಬಂದರೆ ಅದೇ ಗೇಣು. ಒಂದು ದಿನ ನಾನೇ ಕೇಳಿದೆ, ಇದು ಯಾವತ್ತಾದರೂ ಇಳಿಯುತ್ತದೆಯೇ ಎಂದು. ಅವರು ತಮ್ಮ ಮೊಣಕಾಲು ಸವರಿಕೊಂಡರು.

“ಇಳೀತೇತಿ ಅಂತ ನಾ ಹೆಂಗ ಹೇಳ್ಲಿ? ಇದ್ದದ್ದು ಹೋಗಲಾರದಂಗ ನೋಡಾಕತ್ತೀವಿ. ಕಾಲು ಬ್ಯಾಡ ಅಂದಲ್ಲಿಗೆ ನಿಲ್ಲಬೇಕು.”

ಆ ವರ್ಷ ನಮ್ಮ ಗದ್ದೆಯ ಕೊಯ್ಲಿಗೆ ಜೊತೆಗಾರನೂ ಅವನ ಮನೆಯವರೂ ಬಂದರು. ಅವರು ಕೂತು ಕೊಯ್ದರು, ನಾನು ನಿಂತು ಕಟ್ಟಿದ ಭತ್ತದ ಸಿವುಡು ಹೊತ್ತೆ. ನಿಂತೇ ಮಾಡುವ ಕೆಲಸಕ್ಕೆ ನನ್ನ ಮೈ ಮೊದಲಿನಂತೆಯೇ ಇತ್ತು. ಹೆಗಲಿಗೆ ಯಾರಾದರೂ ಎತ್ತಿ ಇಟ್ಟರೆ ಎಷ್ಟು ಭಾರವಾದರೂ ಹೊತ್ತು ನಡೆಯುತ್ತಿದ್ದೆ. ಅದನ್ನೇ ನೋಡಿ ಅವನಿಗೆ ಉಪಾಯ ಹೊಳೆಯಿತು.

“ನೀ ಕೆಳಗ ಇಳಿಯವಲ್ಲಿ. ತೊಲಿನ ಮ್ಯಾಲೆ ತರೂಣು,” ಎಂದ.

ತೊಲೆಯ ಎರಡು ತುದಿಗೂ ಅಡಿಯಲ್ಲಿ ಒಂದೊಂದು ಮರದ ತುಂಡು ಕೊಟ್ಟು, ಗೇಣು ಎತ್ತರಿಸಿಕೊಂಡರೆ, ಅರ್ಧ ಬೈಠಕ್ಕಿನಲ್ಲೇ ಗಳ ಹೆಗಲಿಗೆ ಸಿಗುತ್ತದೆ. ಇಳಿಸುವಲ್ಲಿಯೂ ಹಾಗೇ ಎರಡು ತುಂಡು ಮೊದಲೇ ಇಟ್ಟುಕೊಂಡರಾಯಿತು. ಗರಡಿಗೆ ಎರಡು ಮರದ ತುಂಡು ತಂದು, ಗಳಕ್ಕೆ ಮರಳಿನ ಮೂಟೆ ಕಟ್ಟಿ ಎತ್ತಿ ನೋಡಿದೆವು. ಎದ್ದೆವು. ಒಂದೇ ಉಸಿರು. ವಸ್ತಾದರು ಒಳ್ಳೆಯದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಕಾಡಿನಲ್ಲಿ ನೆಲ ಸಮ ಇರುತ್ತದೆಯೇ ಎಂದಷ್ಟೇ ಕೇಳಿದರು. ಹೊರಡುವ ದಿನ ಅವ್ವ ಬಸವಣ್ಣನಿಗೆ ಕಾಯಿ ಒಡೆಸಿ, ಮೂಲೆಯಲ್ಲಿದ್ದ ಮೆಟ್ಟನ್ನು ತಾನೇ ಒರೆಸಿ ನನ್ನ ಮುಂದೆ ಇಟ್ಟಳು. ಮಗ ಕೂಪಿಗೆ ಹೊರಟನಲ್ಲ, ಅವಳ ಲೆಕ್ಕದಲ್ಲಿ ಕಾಲು ನೆಟ್ಟಗಾಗಿತ್ತು.

ಕೂಪು ತೆರೆಯುವ ದಿನ ಮೇಸ್ತ್ರಿ ಎಲ್ಲ ಜೋಡಿಗಳಿಂದ ಒಂದೊಂದು ತೊಲೆ ಎತ್ತಿಸಿ ನೋಡುವುದು ಪದ್ಧತಿ. ನಾವು ಎರಡು ತುಂಡು ತಂದು ತೊಲೆಯ ಅಡಿ ಕೊಡುವುದನ್ನು ಅವನು ಸೊಂಟಕ್ಕೆ ಕೈಯಿಟ್ಟು ನೋಡಿದ.

“ಎಂತದಾ ಇದು? ತೊಲೆಗೆ ತಲೆದಿಂಬು?”

ಸುತ್ತ ನಿಂತವರು ನಕ್ಕರು. ಜೊತೆಗಾರ ನನಗೆ ಬಾಯಿ ತೆರೆಯಲು ಬಿಡದೆ, ಹಗ್ಗ ಬಿಗಿಯಲು ಸಲೀಸಾಗುತ್ತದೆಂದು ಹೇಳಿದ. ಎದ್ದೆವು, ನಡೆದೆವು, ಇಳಿಸಿದೆವು. ಮೇಸ್ತ್ರಿ ಮೀಸೆ ತಿರುವಿ, ಹೊತ್ತರೆ ಸಾಕು, ದಿಂಬು ಹಾಕಿ ಇಲ್ಲ ಹಾಸಿಗೆ ಹಾಕಿ ಎಂದ. ಕೆಲಸ ಶುರುವಾಯಿತು. ಬೇರೆ ಜೋಡಿಗಳಿಗಿಂತ ನಮಗೆ ಹೊತ್ತು ಹೆಚ್ಚು ಹಿಡಿಯುತ್ತಿತ್ತು. ತುಂಡು ಕೊಡಲು ತೊಲೆಯನ್ನು ಮೀಟಿ ಎತ್ತುವವನು ಅವನೇ, ಇಳಿಸುವಲ್ಲಿಗೆ ಮೊದಲೇ ಓಡಿ ತುಂಡು ಇಟ್ಟು ಬರುವವನೂ ಅವನೇ. ಅವನು ಎರಡಾಳಿನ ಕೆಲಸ ಮಾಡುತ್ತಿದ್ದ, ನಾನು ಒಂದಾಳಿಗೂ ಕಡಿಮೆ. ಅವನು ಓಡಿ ಹೋಗಿ ಬರುವವರೆಗೆ ನಾನು ಗಳ ಹಿಡಿದು ನಿಂತಿರುತ್ತಿದ್ದೆ. ಜೀವಮಾನದಲ್ಲಿ ಇನ್ನೊಬ್ಬನ ಬೆವರಿನಲ್ಲಿ ನಿಂತವನಲ್ಲ ನಾನು. ಅದನ್ನು ಹೇಳಿದರೆ ಅವನಿಗೆ ಸಿಟ್ಟು ಬರುತ್ತಿತ್ತು.

ಮಾಗೋಡಿನ ಕಡೆಯ ಅದೇ ಕಣಿವೆಗೆ ಸರದಿ ಬಂತು. ಇಳಿಜಾರು, ಒಂದಾಳು ಹೋಗುವ ದಾರಿ. ನಾವು ಅರ್ಧ ಇಳಿದಾಗ ಮುಂದೆ ಹೋಗುತ್ತಿದ್ದ ಜೋಡಿಯ ಹಗ್ಗ ಹರಿದು ಅವರ ತೊಲೆ ದಾರಿಗೆ ಅಡ್ಡ ಮಲಗಿತು. ನಮ್ಮ ಹಿಂದೆ ಇನ್ನೊಂದು ಜೋಡಿ ನಿಂತಿತ್ತು. ಹೊತ್ತುಕೊಂಡು ಎಷ್ಟು ಹೊತ್ತು ನಿಲ್ಲುವುದು? ಇಳಿಸಲೇಬೇಕು, ನಿಂತಲ್ಲೇ, ಬರಿ ನೆಲಕ್ಕೆ. ಅವನು ಮುಂದಿನಿಂದ ತಲೆ ಹೊರಳಿಸದೆ, “ಆಗತೇತೇನು?” ಎಂದು ಕೇಳಿದ. ಆಗುತ್ತದೆ ಎಂದೆ. ಬೇರೇನು ಹೇಳಲಿಕ್ಕಿತ್ತು? ಇಬ್ಬರೂ ಇಳಿಯತೊಡಗಿದೆವು. ಹಲಗೆಯ ಎತ್ತರದವರೆಗೆ ನನ್ನ ಕಾಲು ಚೆನ್ನಾಗಿಯೇ ಬಂತು. ಆ ಗೇಣಿನಲ್ಲಿ ಮೊಣಕಾಲು ಕೈಬಿಟ್ಟಿತು. ಗಳ ಹೆಗಲಿನಿಂದ ಜಾರಿ, ನನ್ನ ತುದಿ ನೆಲಕ್ಕೆ ಬಡಿಯಿತು. ತೊಲೆ ಇಳಿಜಾರಿನಲ್ಲಿ ಮುಂದಕ್ಕೆ ನುಗ್ಗಿ ಅವನನ್ನು ತಳ್ಳಿತು. ಅವನು ಮಗುಚಿ ಬಿದ್ದ.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಏಳಲು ಹೋದರೆ ಏಳಲಾಗಲಿಲ್ಲ. ಬಿದ್ದವನ ಹತ್ತಿರ ಹೋಗುವುದಕ್ಕೂ ನಾನು ಗಿಡ ಹುಡುಕಬೇಕಿತ್ತು. ಅಷ್ಟರಲ್ಲಿ ಅವನೇ ಎದ್ದ. ಕುತ್ತಿಗೆಯ ಹಿಂದೆ ಗಳ ಉಜ್ಜಿ ಚರ್ಮ ಕಿತ್ತಿತ್ತು, ಎರಡೂ ಅಂಗೈಯಲ್ಲಿ ರಕ್ತ. ನನ್ನ ಕಡೆ ಹತ್ತಿ ಬಂದು ಮೊದಲು ನನ್ನ ಮೊಣಕಾಲು ಮುಟ್ಟಿ ನೋಡಿದ. ಆ ತೊಲೆಯನ್ನು ಹಿಂದಿನ ಜೋಡಿ ಎತ್ತಿಕೊಂಡು ಹೋದರು. ನಾವಿಬ್ಬರೂ ಬರಿಗೈಯಲ್ಲಿ ಬಿಡಾರಕ್ಕೆ ಹೋದೆವು. ದಾರಿಯಲ್ಲಿ ಅವನು ಮಾತಾಡಿದ್ದೆಲ್ಲ ಕೂಸಿನ ವಿಷಯ, ಆಗಲೇ ಮಗುಚಿಕೊಳ್ಳುತ್ತದಂತೆ ಎಂದು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಬಂದ. ಬೈಯುತ್ತಾನೆಂದು ಕಾದಿದ್ದೆ, ಬೈಯಲಿಲ್ಲ. ನನ್ನ ಎದುರು ಕೂತು, ಕಾಲಿನ ಕಡೆ ಬೆರಳು ತೋರಿಸಿ, “ಕೂಪಲ್ಲಿ ನಂಗೆ ಹೆಣ ಬೇಡ ಮಾರಾಯಾ,” ಎಂದ. ಇಡಗುಂದಿಯ ಒಬ್ಬನ ಜೋಡಿಯವನು ಚಳಿಜ್ವರ ಹಿಡಿದು ಊರಿಗೆ ಹೋಗಿದ್ದ. ಆ ಇಡಗುಂದಿಯವನ ಜೊತೆಗೆ ನನ್ನ ಜೊತೆಗಾರನನ್ನು ಹಾಕುತ್ತೇನೆ ಎಂದ. ಜೊತೆಗಾರ ಅಲ್ಲೇ ನಿಂತು ಕೇಳುತ್ತಿದ್ದ. ಹಾಗಾದರೆ ನಾವಿಬ್ಬರೂ ಊರಿಗೆ ಹೋಗುತ್ತೇವೆ ಎಂದು ಗಂಟು ಕಟ್ಟತೊಡಗಿದ. ಹೋಗಿ, ಹಿಡಿದುಕೊಂಡವರು ಯಾರು ಎಂದು ಮೇಸ್ತ್ರಿ ಎದ್ದುಹೋದ.

ಅವನು ಗಂಟು ಕಟ್ಟುವುದನ್ನು ನೋಡುತ್ತ ಕೂತೆ. ಕಂಬಳಿ ಮಡಚಿದ, ತಾಟು ಸೇರಿಸಿದ, ಕೂಸಿಗೆಂದು ಯಲ್ಲಾಪುರದಲ್ಲಿ ಕೊಂಡ ಕುಲಾವಿಯನ್ನು ಒಳಗೆ ತುರುಕಿದ. ಬೇಡ ಎನ್ನಬೇಕು. ಎಂದರೆ ನಮ್ಮ ಜೋಡಿ ಅಲ್ಲಿಗೆ ಮುಗಿಯಿತು. ಎನ್ನದಿದ್ದರೆ ಅವನ ಮನೆಯ ಬೇಸಗೆ ಮುಗಿಯಿತು. ಎರಡರಲ್ಲಿ ಯಾವುದನ್ನೂ ತಡೆಯುವ ಶಕ್ತಿ ನನ್ನಲ್ಲಿರಲಿಲ್ಲ. ಯಾವುದು ಮುಗಿಯಲಿ ಎಂದು ಹೇಳುವಷ್ಟು ಮಾತ್ರ ಉಳಿದಿತ್ತು.

“ಗಂಟು ಬಿಚ್ಚು,” ಎಂದೆ. “ನೀ ಬಂದ್ರ ಊರಾಗ ನಾ ನಿನ್ನ ಮಾರಿ ನೋಡಬೇಕಾಗತೇ‌ತಿ. ಅದು ನನ್ನ ಕಡಿಂದ ಆಗೂದಿಲ್ಲ.”

ಅವನು ನನಗೆ ಬೆನ್ನು ಮಾಡಿ ಗಂಟು ಬಿಚ್ಚತೊಡಗಿದ. ಆಮೇಲೆ, ಮುಂದಿನ ಹೆಗಲು ಹಿಡಿಯಲೋ ಹಿಂದಿನದೋ ಎಂದು ಕೇಳಿದ. ಮುಂದಿನದೇ ಹಿಡಿ ಎಂದೆ.

ಇಡಗುಂದಿಯವನು ಸಣ್ಣ ಆಳು, ಮಾತು ಕಡಿಮೆ. ಗಳ ಕಟ್ಟಿದ ಮೇಲೆ ನಾನು ಅವನ ಪಕ್ಕ ಹೋಗಿ ನಿಂತೆ. ಮುಂದಿದ್ದವನು ಏಳುವ ಮೊದಲು ನಾಲಿಗೆಯನ್ನು ಹಲ್ಲಿಗೆ ಒತ್ತಿ ಒಂದು ಸದ್ದು ಮಾಡುತ್ತಾನೆ, ಅದು ಕೇಳಿಸಿದ ಮೇಲೆ ಒಂದು ಉಸಿರು ಬಿಟ್ಟು ಏಳು ಎಂದು ಹೇಳಿಕೊಟ್ಟೆ. ಇಳಿಜಾರಿನಲ್ಲಿ ಅವನು ಎಡಗಾಲನ್ನು ಉದ್ದ ಹಾಕುತ್ತಾನೆ, ಎಳೆದು ಹಿಡಿ ಎಂದೆ. ಬೆವರು ಕಣ್ಣಿಗೆ ಇಳಿದರೆ ಅವನು ನಿಲ್ಲುತ್ತಾನೆ, ಹೇಳದೆ ನಿಲ್ಲುತ್ತಾನೆ ಎಂದೆ. ಇಡಗುಂದಿಯವನು ಹೂಂ ಹೂಂ ಎಂದು ತಲೆಯಾಡಿಸಿದ.

ಮೊದಲ ಸಲ ಏಳುವಾಗ ಇಬ್ಬರೂ ತಪ್ಪಿದರು, ತೊಲೆ ಹಿಂದಕ್ಕೆ ಜಾರಿತು. ಇಳಿಸಿ ಮತ್ತೆ ಕೂತರು, ತುಂಡಿಲ್ಲದೆ, ಬರಿ ನೆಲದ ಮೇಲೆ. ನಾನು ಒಂದು ಕಡಿದ ಬೊಡ್ಡೆಯ ಮೇಲೆ ಕೂತಿದ್ದೆ. ನಾಲಿಗೆಯ ಸದ್ದು ನನಗೂ ಕೇಳಿಸಿತು. ಕೂತಲ್ಲೇ ನನ್ನ ಎರಡೂ ತೊಡೆ ಬಿಗಿದವು. ಅವರು ಎದ್ದರು. ಗಳ ಹೆಗಲ ಮೇಲಿರುವಾಗ ಕತ್ತು ತಿರುಗಿಸಬಾರದು, ತಿರುಗಿಸಿದರೆ ಹಿಂದಿನವನ ಹೆಜ್ಜೆ ತಪ್ಪುತ್ತದೆ. ಜೊತೆಗಾರ ತಿರುಗಿಸಲಿಲ್ಲ. ಮರಗಳ ನಡುವೆ ಇಬ್ಬರ ಹೆಜ್ಜೆಯೂ ಒಂದೇ ಆಗಿ ಕೇಳಿಸುವವರೆಗೆ ಕೂತಿದ್ದು, ಬೊಡ್ಡೆಗೆ ಕೈಯೂರಿ ಎದ್ದು, ಯಲ್ಲಾಪುರದ ದಾರಿ ಹಿಡಿದೆ.